ಗಾಳಿ ಖೋ

ಶಾಲೆಯ ವಾಟ್ಸಾಪ್ ಗುಂಪಿಗೆ ಹೆಡ್ ಮಾಸ್ತರು ಇಟ್ಟ ಹೆಸರು 'ನಮ್ಮ ಶಾಲೆ ನಮ್ಮ ಹೆಮ್ಮೆ'. ಶಾಲೆ ಯಾರದು, ಹೆಮ್ಮೆ ಯಾರದು ಎಂದು ಯಾರೂ ಕೇಳಿರಲಿಲ್ಲ. ಆ ಗುಂಪಿಗೆ ಶನಿವಾರ ಸುದ್ದಿ ಬಂತು. ಹೋಬಳಿ ಮಟ್ಟದ ಕ್ರೀಡಾಕೂಟದಲ್ಲಿ ಬಾಲಕಿಯರ ಖೋ ಖೋ ತಂಡಕ್ಕೆ ಪ್ರಥಮ ಸ್ಥಾನ. ಚಿತ್ರಕಲೆಯಲ್ಲಿ ಏಳನೇ ತರಗತಿಯ ವಾಣಿಶ್ರೀಗೆ ಪ್ರಥಮ ಸ್ಥಾನ. ಚಿತ್ರದ ವಿಷಯ 'ನಾವೆಲ್ಲರೂ ಒಂದೇ'. ಬಣ್ಣ ಬಣ್ಣದ ಮಕ್ಕಳು ಕೈ ಕೈ ಹಿಡಿದು ಭೂಮಿಯ ಸುತ್ತ ನಿಂತಿದ್ದರು. ಕಾಗದದ ಮೇಲೆ ಹಿಡಿದ ಕೈಗೆ ಮೈಲಿಗೆ ಇಲ್ಲವಲ್ಲ, ಎಷ್ಟು ಹೊತ್ತು ಬೇಕಾದರೂ ಹಿಡಿಯಬಹುದು.

ಒಂದು ಫೋಟೋದಲ್ಲಿ ವಾಣಿಶ್ರೀ ಚಿತ್ರ ಹಿಡಿದಿದ್ದಳು. ಇನ್ನೊಂದರಲ್ಲಿ ಕಪ್ ಹಿಡಿದಿದ್ದಳು. ಎರಡರಲ್ಲೂ ಅವಳ ಪಕ್ಕಕ್ಕೆ ಅವಳಪ್ಪ ಗುರುಸಂಗಪ್ಪ. ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷ, ಮೆಕ್ಕೆಜೋಳದ ವ್ಯಾಪಾರಿ. ಗೇಟಿನಿಂದ ಮೈದಾನದ ತನಕ ನಡೆದರೆ ಏದುಸಿರು ಬಿಡುವ ಮನುಷ್ಯ, ತಾನೇ ಓಡಿ ಗೆದ್ದವನಂತೆ ಎದೆ ಉಬ್ಬಿಸಿ ನಿಂತಿದ್ದ.

ಕಪ್ ಹಿಡಿದ ಫೋಟೋದ ಎಡ ಅಂಚಿನಲ್ಲಿ ಒಂದು ಮೊಣಕೈ ಇತ್ತು. ಬರೀ ಮೊಣಕೈ. ತರಚಿ ಹೋಗಿತ್ತು, ಮೇಲೆ ಮಣ್ಣು ಮೆತ್ತಿತ್ತು. ಅದು ಕೋಮಲಾಳದು. ಆ ಕಪ್ ಗೆಲ್ಲಿಸಿದವಳು ಅವಳು.

"ಯವ್ವಾ, ಇಲ್ನೋಡು. ನಾನೂ ಬಂದೀನಿ" ಎಂದು ಕೋಮಲಾ ಅಪ್ಪನ ಫೋನು ತಂದು ತೋರಿಸಿದಳು.

ಬಸಲಿಂಗಮ್ಮ ರೊಟ್ಟಿ ತಟ್ಟುವ ಕೈ ನಿಲ್ಲಿಸಿ ಕಣ್ಣು ಕಿರಿದು ಮಾಡಿ ನೋಡಿದಳು. ಹೆತ್ತವಳಿಗೆ ಮೊಣಕೈ ಸಾಕು, ಗುರುತು ಸಿಕ್ಕಿತು.

"ಮಕ ಎಲ್ಲೈತೇ?"

"ಮಕ ಬಂದಿಲ್ಲ. ಮುಂದಿನ ಸಲ ಬರ್ತೈತಿ ಅಂದ್ರು ಸರು."

ಊರಿನ ಹೆಸರು ಬೇಡ. ಕೊಟ್ಟೂರಿನಿಂದ ಹರಪನಹಳ್ಳಿಗೆ ಹೋಗುವ ಬಸ್ಸು ನಿಲ್ಲುವ ಊರುಗಳಲ್ಲಿ ಅದೂ ಒಂದು. ಹೆಸರು ಹೇಳಿದರೆ ಅದೊಂದೇ ಊರು ಹಾಗೆ ಎಂದುಕೊಂಡು ಉಳಿದ ಊರುಗಳು ನಿಶ್ಚಿಂತೆಯಿಂದ ಮಲಗಿಬಿಡುತ್ತವೆ.

ಖೋ ಖೋ ಆಟ ಎಲ್ಲರಿಗೂ ಗೊತ್ತು. ಸಾಲಾಗಿ ಕೂತವರಲ್ಲಿ ಒಬ್ಬಳ ಬೆನ್ನನ್ನು ಅಟ್ಟುವವಳು ಹಿಂದಿನಿಂದ ಅಂಗೈಯಲ್ಲಿ ತಟ್ಟಿ 'ಖೋ' ಅನ್ನಬೇಕು. ತಟ್ಟಿಸಿಕೊಂಡವಳು ಎದ್ದು ಅಟ್ಟಿಸಿಕೊಂಡು ಹೋಗಬೇಕು. ತಟ್ಟಿದವಳು ಅವಳ ಜಾಗದಲ್ಲಿ ಕೂಡಬೇಕು. ಮುಟ್ಟದೆ ಆ ಆಟವೇ ಇಲ್ಲ. ಮುಟ್ಟದೆಯೂ ಆಡಬಹುದು ಎಂದು ಕಂಡುಹಿಡಿದ ಕೀರ್ತಿ ಮಾತ್ರ ಆ ಊರಿನದು. ಅದಕ್ಕೊಂದು ಬಹುಮಾನ ಇದ್ದಿದ್ದರೆ ಹೆಡ್ ಮಾಸ್ತರು ಗುಂಪಿನಲ್ಲಿ ಹಾಕುತ್ತಿದ್ದರು.

ಆದದ್ದು ಇಷ್ಟು. ಕೋಮಲಾ ಆರನೇ ತರಗತಿಗೆ ಬಂದಾಗ ಪಿ.ಟಿ. ಮಾಸ್ತರು ಅರುಣಕುಮಾರ್ ಅವಳ ಓಟ ನೋಡಿ ತಂಡಕ್ಕೆ ಸೇರಿಸಿಕೊಂಡ. ಮಾರನೇ ದಿನವೇ ಗುರುಸಂಗಪ್ಪ ಶಾಲೆಗೆ ಬಂದ. ಸಿಟ್ಟು ಮಾಡಲಿಲ್ಲ. ಈಗಿನವರು ಸಿಟ್ಟು ಮಾಡುವುದಿಲ್ಲ, ಕೇಸು ಬೀಳುತ್ತದೆ. ನಗುನಗುತ್ತಲೇ ಹೇಳಿದ.

"ಆಡ್ಲಿ ಬಿಡ್ರಿ ಮಾಸ್ತರ್ರ. ನಾವೇನ್ ಬ್ಯಾಡ ಅಂತೀವೇನು? ಹಳೇ ಕಾಲದೋರಲ್ಲ ನಾವು. ಆದ್ರ ನಮ್ಮನ್ಯಾಗ ಪೂಜಿ ಪುನಸ್ಕಾರ ಐತಿ. ಹುಡುಗಿ ದಿನಾ ಮುಟ್ಟಿಸ್ಕೊಂಡ್ ಬಂದ್ರ ನಮ್ಮಾಕಿ ಬಾಗಲದಾಗ ನಿಲ್ಲಿಸಿ ನೀರು ಹಾಕ್ತಾಳ. ಕೂಸಿಗೆ ಶೀತ ಆಗತೈತಿ. ನೀವ ಏನರ ಒಂದ್ ದಾರಿ ಮಾಡ್ರಿ."

ಕೂಸಿಗೆ ಶೀತವಾಗಬಾರದು. ಬೆನ್ನೆಲುಬು ಇದ್ದವನಾಗಿದ್ದರೆ ಅರುಣಕುಮಾರ್ ಬೇರೆ ದಾರಿ ನೋಡುತ್ತಿದ್ದ. ಅವನು ಗಾಳಿ ಖೋ ಮಾಡಿದ. ಕೋಮಲಾಳ ಬೆನ್ನಿಗೆ ಗೇಣು ದೂರದಲ್ಲಿ ಅಂಗೈ ಹಿಡಿದು 'ಖೋ' ಎಂದು ಕೂಗಿದರೆ ಸಾಕು, ಅವಳು ಏಳಬೇಕು. ಅವಳು ಖೋ ಕೊಡುವಾಗಲೂ ಗೇಣು ದೂರದಿಂದಲೇ ಕೊಡಬೇಕು. ಅವಳು ಕೂತ ಜಾಗದಲ್ಲಿ ಉಳಿದವರು ಕೂಡಬಹುದೋ ಬಾರದೋ ಎಂಬ ಚರ್ಚೆಯೂ ಆಯಿತು. ಭೂಮಿತಾಯಿಗೆ ಮೈಲಿಗೆ ಇಲ್ಲ ಎಂದು ಗುರುಸಂಗಪ್ಪ ದೊಡ್ಡ ಮನಸ್ಸು ಮಾಡಿದ.

ಆ ದಿನ ಕೋಮಲಾ ಮನೆಗೆ ಬಂದು ಇದನ್ನು ಹೇಳಿದಾಗ ಬಸಲಿಂಗಮ್ಮ ಹರಪನಹಳ್ಳಿಯ ಮಾರುಕಟ್ಟೆಯಿಂದ ಆಗ ತಾನೇ ಬಂದಿದ್ದಳು. ದಿನವೆಲ್ಲ ಮೆಕ್ಕೆಜೋಳ ಹರವಿ, ತೂರಿ, ಚೀಲಕ್ಕೆ ತುಂಬಿ ಬಂದ ಮೈ. ಜೋಳದ ದೂಳು ಕುತ್ತಿಗೆ, ಕಂಕುಳು, ರವಿಕೆಯೊಳಗೆ ಹೊಕ್ಕು ಸುಡುವಂತೆ ಕಡಿಯುತ್ತಿತ್ತು. ಕೆರೆದುಕೊಳ್ಳುತ್ತಲೇ ಕೇಳಿದಳು.

"ಆಟ ಸಿಕ್ತಲ್ಲ, ಆಡು. ಮುಟ್ಟಿದ್ರೆಷ್ಟು ಬಿಟ್ಟಿದ್ರೆಷ್ಟು. ತಾಲೂಕು ಗೆದ್ರ ಜಿಲ್ಲಾಕ್ಕ ಹೋಗ್ತಿ. ಅಲ್ಲಿ ಕ್ರೀಡಾ ಹಾಸ್ಟೆಲ್ಲಿನೋರು ಬಂದು ಆರಿಸ್ಕೊಂತಾರಂತ. ಅದನ್ನ ತಲ್ಯಾಗ ಇಟ್ಕೋ. ಉಳಿದದ್ದು ಬಿಡು."

ಅವಳಿಗೆ ಆ ಹಾಸ್ಟೆಲ್ ಒಂದೇ ಕಣ್ಣ ಮುಂದಿತ್ತು. ಕೇರಿಯ ಹುಡುಗಿಯರಿಗೆ ಏಳನೇ ತರಗತಿ ಮುಗಿದರೆ ಮುಂದಿನ ತರಗತಿ ಮೆಕ್ಕೆಜೋಳದ ಅಂಗಳ. ಅಲ್ಲಿಗೆ ಹೋದ ಹುಡುಗಿ ಮತ್ತೆ ಪುಸ್ತಕ ಮುಟ್ಟಿದ್ದು ಬಸಲಿಂಗಮ್ಮ ನೋಡಿರಲಿಲ್ಲ. ತಾನೇ ಮುಟ್ಟಿರಲಿಲ್ಲ. ಮಗಳ ಕುತ್ತಿಗೆಗೆ ಆ ದೂಳು ಹತ್ತಬಾರದು. ಅದಕ್ಕಾಗಿ ಗಾಳಿ ಖೋ ಏನು, ಬೆಂಕಿ ಖೋ ಆದರೂ ಆಡಲಿ ಎಂದಿದ್ದಳು.

ಕೋಮಲಾ ಆಡಿದಳು. ಕೈ ಬೀಳದ ಬೆನ್ನಿಗೆ ಕಿವಿ ಬಂತು. ಹಿಂದೆ ಬರುವವಳ ಕಾಲಸಪ್ಪಳ, ಉಸಿರು, ಲಂಗದ ಸರಪರ ಕೇಳಿಯೇ 'ಖೋ' ಬಾಯಿಗೆ ಬರುವ ಮೊದಲು ಇವಳು ಎದ್ದಿರುತ್ತಿದ್ದಳು. ಊರಿನ ಸಣ್ಣತನ ಅವಳನ್ನು ಚುರುಕು ಮಾಡಿತು. ಹೋಬಳಿ ಮಟ್ಟದಲ್ಲಿ ಅಂಪೈರ್ ಅರುಣಕುಮಾರನ ಗೆಳೆಯ. ಸೀಟಿ ಅವನ ಬಾಯಲ್ಲೇ ಇತ್ತು, ಊದಲಿಲ್ಲ. ಹೀಗೆ ಕಪ್ ಬಂತು, ಹೀಗೆ ಮೊಣಕೈ ಸುದ್ದಿಯಾಯಿತು.

ಇನ್ನು ಗುರುಸಂಗಪ್ಪನ ಮನೆಯ ಹಿತ್ತಲಿನ ಸುದ್ದಿ. ಇದು ಗುಂಪಿನಲ್ಲಿ ಬರುವುದಿಲ್ಲ.

ಗುರುಸಂಗಪ್ಪನ ಹೆಂಡತಿ ಎರ್ರಮ್ಮನಿಗೆ ಸೊಂಟದ ನೋವು. ದಾವಣಗೆರೆಯ ಆಸ್ಪತ್ರೆಗಳನ್ನೆಲ್ಲ ಸುತ್ತಿ ಬಂದ ಮೇಲೆ ಯಾರೋ ಹೇಳಿದರು, ಎಣ್ಣೆ ಹಚ್ಚಿ ಗಟ್ಟಿ ಕೈಯಿಂದ ತಿಕ್ಕಿಸು ಎಂದು. ಊರಲ್ಲಿ ಗಟ್ಟಿ ಕೈ ಯಾರವು? ಚೀಲ ಎತ್ತುವವರವು. ಹೀಗಾಗಿ ಪ್ರತಿ ಗುರುವಾರ ಬಸಲಿಂಗಮ್ಮ ಹಿತ್ತಲ ಬಾಗಿಲಿಂದ ಹೋಗಿ, ಬಚ್ಚಲ ಮುಂದೆ ಮಣೆಯ ಮೇಲೆ ಕೂತ ಎರ್ರಮ್ಮನ ಬರಿ ಬೆನ್ನು ತಿಕ್ಕುತ್ತಿದ್ದಳು. ಮೈಲಿಗೆ ಆಗುವುದಿಲ್ಲವೇ ಅಂದರೆ, ಆಗುತ್ತದೆ. ಅದಕ್ಕೇ ಪಕ್ಕದಲ್ಲಿ ಹಂಡೆಯ ತುಂಬ ನೀರು ಕಾದಿರುತ್ತಿತ್ತು. ತಿಕ್ಕಿಸಿಕೊಂಡ ಮೇಲೆ ಆ ನೀರು ಹಾಕಿಕೊಂಡರೆ ಎರ್ರಮ್ಮ ಮತ್ತೆ ಮಡಿ. ನೋವು ಇಳಿಸಲು ಬಸಲಿಂಗಮ್ಮ ಬೇಕು, ಬಸಲಿಂಗಮ್ಮನನ್ನು ಇಳಿಸಲು ಬಿಸಿನೀರು ಬೇಕು.

ತಾಲ್ಲೂಕು ಪಂದ್ಯದ ಹಿಂದಿನ ಗುರುವಾರವೂ ಹೋಗಿದ್ದಳು. ಮೊಣಕಾಲೂರಿ ಕೂತು, ಹೆಬ್ಬೆರಳು ಒತ್ತಿ, ಸೊಂಟದಿಂದ ಹೆಗಲ ತನಕ ತಿಕ್ಕಿದಳು. ಎರ್ರಮ್ಮನ ಬೆನ್ನು ಅಗಲ. ತಿಕ್ಕಿ ಮುಗಿಸುವಷ್ಟರಲ್ಲಿ ಬಸಲಿಂಗಮ್ಮನ ರಟ್ಟೆ ಬಿದ್ದುಹೋಗುತ್ತಿತ್ತು.

"ಜರ ಕೆಳಗ ಬಾರೇ ಬಸಲಿಂಗಿ. ಹಾಂ, ಅಲ್ಲೇ. ನಿನ್ನ ಕೈಯಾಗ ದೇವ್ರು ಅದಾನ ನೋಡು" ಎಂದಳು ಎರ್ರಮ್ಮ, ಕಣ್ಣು ಮುಚ್ಚಿಕೊಂಡು. ಮರುಗಳಿಗೆಗೇ ಕಣ್ಣು ತೆರೆದಳು. "ಏಯ್, ಸೆರಗು ಸಂಬಾಳಿಸು. ಹಂಡೆಕ್ ತಗಲೀತು. ಅಷ್ಟೂ ನೀರು ಚೆಲ್ಲಬೇಕಾಗತೈತಿ ಮತ್ತ."

ಕೈಯಲ್ಲಿ ದೇವರು, ಸೆರಗಿನಲ್ಲಿ ಮೈಲಿಗೆ. ಎಂಥ ಲೆಕ್ಕ ನೋಡಿ.

ತಿಕ್ಕಿ ಮುಗಿದ ಮೇಲೆ ಇನ್ನೊಂದು ಕೆಲಸವಿತ್ತು. ಮಣೆಯ ಮೇಲೆ ಕೂತ ಎರ್ರಮ್ಮನಿಗೆ ತಾನಾಗಿ ಏಳಲು ಆಗುತ್ತಿರಲಿಲ್ಲ, ಸೊಂಟ ಹಿಡಿದುಬಿಡುತ್ತಿತ್ತು. ಬಸಲಿಂಗಮ್ಮ ಹಿಂದಿನಿಂದ ಎರಡೂ ಕಂಕುಳಿಗೆ ಕೈ ಕೊಟ್ಟು, ಚೀಲ ಎತ್ತಿದಂತೆ ಎತ್ತಿ ನಿಲ್ಲಿಸಿ, ಬಚ್ಚಲ ಹೊಸ್ತಿಲ ತನಕ ಬಿಟ್ಟು ಬರಬೇಕು.

ಹರಪನಹಳ್ಳಿಯಲ್ಲಿ ತಾಲ್ಲೂಕು ಪಂದ್ಯದ ದಿನ ಬಸಲಿಂಗಮ್ಮ ಮಾರುಕಟ್ಟೆಯಲ್ಲಿ ಮೇಸ್ತ್ರಿಯ ಕಾಲು ಕೈ ಹಿಡಿದು ಅರ್ಧ ದಿನ ಬಿಡುವು ಮಾಡಿಕೊಂಡು ಮೈದಾನಕ್ಕೆ ಓಡಿ ಬಂದಳು. ಸೆರಗಿನಲ್ಲಿ ಇನ್ನೂ ಜೋಳದ ಹೊಟ್ಟು ಇತ್ತು. ಹಗ್ಗದ ಪಕ್ಕ ನಿಂತಳು. ಗುರುಸಂಗಪ್ಪ ಕಾರಿನಲ್ಲಿ ಬಂದಿದ್ದ, ಪೇಪರಿನವನೊಬ್ಬನನ್ನು ಕರೆತಂದಿದ್ದ. ಪೇಡೆಯ ಡಬ್ಬಿಯೂ ಬಂದಿತ್ತು. ಗೆದ್ದ ಸುದ್ದಿ ಮೊದಲೇ ಬರೆಸಿಟ್ಟಿದ್ದರೂ ಆಶ್ಚರ್ಯವಿಲ್ಲ.

ಅಂಪೈರ್ ಹಲವಾಗಲು ಕಡೆಯ ಶಾಲೆಯೊಂದರ ಪಿ.ಟಿ. ಟೀಚರು ಪಕ್ಕೀರಮ್ಮ. ಅರುಣಕುಮಾರನಿಗೆ ಆಕೆ ಗೆಳತಿಯಲ್ಲ.

ಆಟ ಶುರುವಾಯಿತು. ವಾಣಿಶ್ರೀ ಓಡಿ ಬಂದು ಕೋಮಲಾಳ ಬೆನ್ನ ಹಿಂದೆ ಅಂಗೈ ಗಾಳಿಯಲ್ಲಿ ನಿಲ್ಲಿಸಿ "ಖೋ" ಎಂದಳು. ಕೋಮಲಾ ಎದ್ದು ಚಿಮ್ಮಿದಳು. ಸೀಟಿ ಬಿತ್ತು.

"ಫೌಲ್!"

ಮತ್ತೆ ಖೋ, ಮತ್ತೆ ಸೀಟಿ. ಕೋಮಲಾ ಇನ್ನೊಬ್ಬಳಿಗೆ ಗೇಣು ದೂರದಿಂದ ಖೋ ಕೊಟ್ಟಳು, ಆಗಲೂ ಸೀಟಿ. ಎದುರಾಳಿ ಹುಡುಗಿಯರು ಸಲೀಸಾಗಿ ತಪ್ಪಿಸಿಕೊಂಡು ಹೋದರು. ಸುತ್ತ ನಿಂತ ಬೇರೆ ಶಾಲೆಯ ಮಕ್ಕಳು ಹೊಟ್ಟೆ ಹಿಡಿದು ನಕ್ಕವು. ಎರಡು ವರ್ಷ ಅದನ್ನೇ ಆಡಿ ಆಡಿ ಕೋಮಲಾಳ ಬೆನ್ನು ಬಂದರೆ ಆ ಹುಡುಗಿಯರ ಕೈಗಳು ತಾವಾಗಿಯೇ ಗಾಳಿಯಲ್ಲಿ ನಿಲ್ಲುತ್ತಿದ್ದವು. ಊರಲ್ಲಿ ಅದು ಶಿಸ್ತು. ಊರು ದಾಟಿದರೆ ಅದು ತಪ್ಪು ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಸರದಿ ಮುಗಿದಾಗ ಪಕ್ಕೀರಮ್ಮ ಅರುಣಕುಮಾರನನ್ನು ಕರೆದಳು.

"ಏನ್ ಸರ್ ಇದು? ಉಳಿದೋರ್ನೆಲ್ಲ ಸರಿಯಾಗೇ ಮುಟ್ತಾರೆ. ಈ ಹುಡುಗೀನ ಯಾಕೆ ಮುಟ್ಟಲ್ಲ? ಬೆನ್ನಾಗೇನಾದ್ರೂ ಹುಣ್ಣಾಗೇತಾ?"

ಅರುಣಕುಮಾರ್ ಒಂದು ಗಳಿಗೆ ಗುರುಸಂಗಪ್ಪನ ಮುಖ ನೋಡಿದ. ಆಮೇಲೆ ತಲೆಯಾಡಿಸಿದ.

"ಹೌದ್ರಿ ಮೇಡಂ. ಹುಣ್ಣಾಗೈತ್ರಿ ಪಾಪ. ಅದಕ್ಕ ಹುಡುಗ್ರು ಮುಟ್ಟಾಕ ಅಂಜ್ತಾವ."

ಹಗ್ಗದ ಈಚೆ ನಿಂತ ಬಸಲಿಂಗಮ್ಮನಿಗೆ ಕೇಳಿಸಿತು. ನೀರು ಕುಡಿಯುತ್ತಿದ್ದ ಕೋಮಲಾಳಿಗೂ ಕೇಳಿಸಿತು. ಅವಳು ಬಾಟಲಿ ಕೆಳಗಿಟ್ಟು ಕೈ ಹಿಂದಕ್ಕೆ ಮಾಡಿ ತನ್ನ ಬೆನ್ನನ್ನು ತಾನೇ ಮುಟ್ಟಿ ನೋಡಿಕೊಂಡಳು. ಬಸಲಿಂಗಮ್ಮ ಅದನ್ನೂ ನೋಡಿದಳು.

"ಹಂಗಿದ್ರೆ ಆಕಿನ್ ಕುಂದ್ರಿಸಿ ಬೇರೇರ್ನ ಇಳಿಸ್ರಿ" ಎಂದಳು ಪಕ್ಕೀರಮ್ಮ.

ಇಳಿಸುವುದು ಎಲ್ಲಿಂದ? ಆ ತಂಡದಲ್ಲಿ ಓಡುವವಳು ಒಬ್ಬಳೇ. ತಪ್ಪಿಸಿಕೊಳ್ಳುವ ಸರದಿಯಲ್ಲಿ ಕೋಮಲಾ ಒಬ್ಬಳೇ ಕೊನೆತನಕ ಉಳಿದಳು. ಎದುರಾಳಿ ತಂಡದವರು ಅವಳನ್ನು ಮುಟ್ಟಲು ನಾಲಿಗೆ ಹೊರಗೆ ಹಾಕಿಕೊಂಡು ಓಡಿದರು. ಅವರಿಗೇನು ಗೊತ್ತು ಪಾಪ, ಈ ಹುಡುಗಿಯನ್ನು ಮುಟ್ಟಬಾರದು ಎಂದು. ಒಬ್ಬಳಿಗೂ ಸಿಗಲಿಲ್ಲ. ಅಂಕ ಸಮೀಪಕ್ಕೆ ಬಂತು. ಕೊನೆಯ ಸರದಿಯಲ್ಲಿ ಚೆನ್ನಾಗಿ ಅಟ್ಟಿದರೆ ಕಪ್ ಇವರದೇ.

ಆಗ ಗುರುಸಂಗಪ್ಪ ತಂಡದ ಹತ್ತಿರ ಬಂದ. ಪೇಡೆ ಡಬ್ಬಿ ಹಾಳಾಗಬಾರದಲ್ಲ.

"ಏ ಹುಡುಗ್ರಾ, ಇದೊಂದ್ ಸಲ ಮುಟ್ರಿ. ಊರ ಮರ್ಯಾದಿ ಪ್ರಶ್ನಿ. ಮನಿಗೆ ಹೋಗಿ ಮೈತೊಳ್ಕೊಂಡ್ರಾತು."

ಕೋಮಲಾ ಪಕ್ಕದಲ್ಲೇ ಇದ್ದಳು. ಅವಳಿಗೆ ಕೇಳಿಸುತ್ತದೆ ಎಂದು ಅವನಿಗೆ ಅನ್ನಿಸಲೇ ಇಲ್ಲ. ಎತ್ತಿನ ಮುಂದೆ ಎತ್ತಿನ ರೇಟು ಮಾತಾಡಲು ಯಾರಾದರೂ ನಾಚುತ್ತಾರೆಯೇ?

ಸೀಟಿ ಬಿತ್ತು. ವಾಣಿಶ್ರೀ ಅಟ್ಟುತ್ತ ಬಂದಳು. ಎದುರಾಳಿ ಹುಡುಗಿ ಕಂಬದ ಹತ್ತಿರ ಎಡವಿದಳು, ಕೈಗೆ ಸಿಗುವಂತಿದ್ದಳು. ವಾಣಿಶ್ರೀ ಅಂಗೈ ಎತ್ತಿ ಕೋಮಲಾಳ ಬೆನ್ನಿನ ನಟ್ಟನಡುವೆ ಪಟ್ಟೆಂದು ಹೊಡೆದಳು.

"ಖೋ!"

ಕೋಮಲಾ ಏಳಲಿಲ್ಲ.

"ಖೋ! ಖೋ ಅಂದೆ! ಏಳೇ!"

ಕೋಮಲಾ ಕೂತಲ್ಲೇ ಕೂತಿದ್ದಳು. ಕೈ ನೆಲಕ್ಕೆ ಊರಿ, ಮುಂದೆ ನೋಡುತ್ತ. ಅರುಣಕುಮಾರ್ ಗಂಟಲು ಹರಿಯುವಂತೆ ಕೂಗಿದ. ಗುರುಸಂಗಪ್ಪ ಹಗ್ಗ ದಾಟಿ ಒಳಗೆ ಬಂದ. "ಏನ್ ಸೊಕ್ಕಲೇ ಇದಕ್ಕ! ಎಬ್ಬಿಸ್ರಿ ಅದನ್ನ!" ತಂಡದವರು ಸುತ್ತ ನಿಂತು ಬೈದರು. ಎದುರಾಳಿ ಹುಡುಗಿ ಎದ್ದು, ಮೊಣಕಾಲು ಒರೆಸಿಕೊಂಡು, ನಿಧಾನ ನಡೆದು ಹೋದಳು. ಪೇಪರಿನವನು ಫೋಟೋ ತೆಗೆದ.

ಪಕ್ಕೀರಮ್ಮ ಹತ್ತಿರ ಬಂದು ಬಗ್ಗಿದಳು. "ಯಾಕಮ್ಮ? ಹುಣ್ಣು ನೋಯ್ತತಾ?"

"ನನ್ನ ಬೆನ್ನಾಗ ಹುಣ್ಣಿಲ್ರಿ ಮೇಡಂ" ಎಂದಳು ಕೋಮಲಾ. "ಇವರ ಕೈಯಾಗ ಐತಿ."

ತಂಡ ಸೋತಿತು. ಶಾಲೆಯ ಟೆಂಪೋ ಕೋಮಲಾಳನ್ನು ಬಿಟ್ಟು ಹೋಯಿತು. ಬಸ್ ಸ್ಟ್ಯಾಂಡಿನ ಕಲ್ಲು ಬೆಂಚಿನ ಮೇಲೆ ತಾಯಿ ಮಗಳು ಇಬ್ಬರೂ ಬಸ್ಸಿಗೆ ಕಾಯುತ್ತ ಕೂತರು. ಬಸಲಿಂಗಮ್ಮನಿಗೆ ಅರುಣಕುಮಾರನ ಮೇಲೆ, ಗುರುಸಂಗಪ್ಪನ ಮೇಲೆ ಸಿಟ್ಟಿತ್ತು. ಆದರೆ ಅವರು ಕೈಗೆ ಸಿಗುವವರಲ್ಲ, ಮಗಳು ಸಿಕ್ಕಳು.

"ಮುಟ್ಟಿದಾಗಾದ್ರೂ ಏಳಬಾರದಿತ್ತೇನೇ? ಹಾಸ್ಟೆಲ್ಲಿನ ಬಾಗಲಾ ನೀನ ಕೈಯಾರೆ ಹಾಕ್ಕೊಂಡ್ಯಲ್ಲೇ. ಇನ್ನೇನ್ ಮಾಡ್ತಿ? ನನ್ನಂಗ ಜ್ವಾಳ ತೂರ್ತಿ?"

"ತೂರ್ತೀನಿ ತಗಾ."

"ಏನಂದಿ?"

ಕೋಮಲಾ ತಿರುಗಿ ಅವ್ವನನ್ನು ನೋಡಿದಳು. ಅತ್ತಿರಲಿಲ್ಲ.

"ನೀನು ಎರ್ರಮ್ಮನ ಬೆನ್ನು ತಿಕ್ಕಿದ ಮ್ಯಾಲೆ ಅಕಿ ಮೈತೊಳ್ಕೊಂಡು ಒಳಗ ಹೋಕ್ಕಾಳ. ಅಕಿ ಮಗಳು ನನ್ನ ಬೆನ್ನು ಮುಟ್ಟಿ ಮೈತೊಳ್ಕೊಂಡು ಒಳಗ ಹೋಗ್ಬೇಕಂತ. ನಾವೇನ್ ಬಚ್ಚಲೇನಬೇ ಯವ್ವಾ?"

ಬಸಲಿಂಗಮ್ಮ ತನ್ನ ಅಂಗೈ ನೋಡಿಕೊಂಡಳು. ನಾಚಿಕೆಯಾಯಿತು. ಮಗಳ ಮುಂದೆ ಇಷ್ಟು ನಾಚಿಕೆ ಅವಳಿಗೆ ಎಂದೂ ಆಗಿರಲಿಲ್ಲ. ಮುಟ್ಟಿದ್ರೆಷ್ಟು ಬಿಟ್ಟಿದ್ರೆಷ್ಟು ಎಂದು ತಾನೇ ಅಂದ ಮಾತು ನೆನಪಾಯಿತು. ಬಸ್ಸು ಬಂದಾಗ ಮಗಳ ಬೆನ್ನ ಮೇಲೆ ಕೈಯಿಟ್ಟು ಹತ್ತಿಸಿದಳು. ಇಳಿಯುವ ತನಕ ಆ ಕೈ ತೆಗೆಯಲಿಲ್ಲ.

ರಾತ್ರಿಯೊಳಗೆ ಗುಂಪಿನಲ್ಲಿ ಸುದ್ದಿ ಬಂತು. 'ಒಬ್ಬ ವಿದ್ಯಾರ್ಥಿನಿಯ ಅಶಿಸ್ತಿನಿಂದ ತಂಡಕ್ಕೆ ದ್ವಿತೀಯ ಸ್ಥಾನ. ಹೆಮ್ಮೆಯ ಸಂಗತಿಯೆಂದರೆ ವಾಣಿಶ್ರೀಯ "ನಾವೆಲ್ಲರೂ ಒಂದೇ" ಚಿತ್ರ ಜಿಲ್ಲಾ ಮಟ್ಟಕ್ಕೆ ಆಯ್ಕೆ.' ಕೆಳಗೆ ಫೋಟೋ. ಎಲ್ಲರೂ ಬೆರಳು ತೋರಿಸಿ ಬೈಯುತ್ತಿದ್ದಾರೆ, ನಡುವೆ ಕೋಮಲಾ ಕೂತಿದ್ದಾಳೆ. ಈ ಸಲ ಮುಖ ಬಂದಿತ್ತು. ಪೂರಾ ಬಂದಿತ್ತು. ಕೆಳಗೆ ಊರ ದೊಡ್ಡವರೆಲ್ಲ ವಾಣಿಶ್ರೀಗೆ ಹೂವು, ಚಪ್ಪಾಳೆ ಒತ್ತಿದ್ದರು.

ಗುರುವಾರ ಎರ್ರಮ್ಮ ಹೇಳಿ ಕಳಿಸಿದಳು. ಬಸಲಿಂಗಮ್ಮ ಬರುವುದಿಲ್ಲ ಎಂದು ಅವಳಿಗೆ ಕನಸಿನಲ್ಲೂ ಅನ್ನಿಸಿರಲಿಕ್ಕಿಲ್ಲ. ನೋವು ಇರುವ ತನಕ ಕೈ ಬರುತ್ತದೆ, ಕೈಗೇನು ಮಾನವೇ?

ಬಸಲಿಂಗಮ್ಮ ಹೋದಳು. ಎಣ್ಣೆ ಬಟ್ಟಲು ಇಟ್ಟಿತ್ತು. ಹಂಡೆಯ ನೀರು ಹೊಗೆಯಾಡುತ್ತಿತ್ತು. ಎರ್ರಮ್ಮ ರವಿಕೆ ಬಿಚ್ಚಿ, ಹಳೇ ಸೀರೆ ಸುತ್ತಿಕೊಂಡು, ಬೆನ್ನು ಕೊಟ್ಟು ಮಣೆಯ ಮೇಲೆ ಕೂತಳು. ಕೂಡುವಾಗಲೇ ನರಳಿದಳು. ಹಿತ್ತಲ ಕಟ್ಟೆಯ ಮೇಲೆ ವಾಣಿಶ್ರೀ ಜಿಲ್ಲಾ ಮಟ್ಟಕ್ಕೆಂದು ಇನ್ನೊಂದಿಷ್ಟು ಕೈಗಳಿಗೆ ಬಣ್ಣ ತುಂಬುತ್ತಿದ್ದಳು.

"ನಿನ್ನ ಮಗಳಿಗೆ ಒಂದೀಟು ಬುದ್ಧಿ ಹೇಳಬೇ ಬಸಲಿಂಗಿ. ಊರ ಮಾನ ತಗದ್ಲು. ನಮ್ಮ ಯಜಮಾನ್ರು ಅಂತ ಸುಮ್ನ ಅದಾರ. ಹೂಂ, ಹಚ್ಚು ಹಚ್ಚು. ನೋವು ಜೀವ ಹಿಂಡಾಕತ್ತೈತಿ."

ಬಸಲಿಂಗಮ್ಮ ಹಿಂದೆ ಮೊಣಕಾಲೂರಿ ಕೂತಳು. ಎರಡೂ ಕೈ ಎತ್ತಿದಳು. ಆ ಅಗಲ ಬೆನ್ನಿಗೆ ಗೇಣು ದೂರದಲ್ಲಿ ಅಂಗೈ ಹಿಡಿದು ಗಾಳಿಯನ್ನು ತಿಕ್ಕತೊಡಗಿದಳು. ಸೊಂಟದಿಂದ ಹೆಗಲ ತನಕ. ಹೆಗಲಿನಿಂದ ಸೊಂಟದ ತನಕ. ಎಂದಿನಂತೆಯೇ, ರಟ್ಟೆ ಬಿಗಿಹಿಡಿದು.

"ಯಾಕಬೇ, ಶುರು ಮಾಡವಲ್ಲಿ?"

"ಮಾಡೀನ್ರಿ."

"ಎಲ್ಲಿ? ಕೈ ಹತ್ತವಲ್ದು."

ವಾಣಿಶ್ರೀ ತಲೆಯೆತ್ತಿ ನೋಡಿದಳು. ಎರಡು ವರ್ಷ ತಾನೇ ಮಾಡಿದ ಕೈ ಅದು, ಅವಳಿಗೆ ಮೊದಲು ಗೊತ್ತಾಯಿತು. ಕುಂಚ ಕೈಯಲ್ಲೇ ನಿಂತಿತು.

"ಗಾಳಿ ತಿಕ್ಕು ಅಂತಾರ್ರಿ ಇದಕ್ಕ" ಎಂದಳು ಬಸಲಿಂಗಮ್ಮ. "ನಿಮ್ಮ ಯಜಮಾನ್ರ ಕಾನೂನು. ಮುಟ್ಟಂಗಿಲ್ಲ. ಶೀತ ಆದೀತು ನಿಮಗ."

"ಚಾಷ್ಟಿ ಮಾಡ್ತೀಯೇನ? ಮುಟ್ಟಬೇ! ನೀರು ಕಾದೈತಿ, ಹಾಕ್ಕೊಂತೀನಿ. ಮುಟ್ಟು!"

"ಇಲ್ರಿ. ನಿಮ್ಮ ಬೆನ್ನಾಗ ಹುಣ್ಣಾಗೈತಿ. ಅಂಜಿಕಿ ಬರ್ತೈತಿ ನನಗ."

ಎದ್ದಳು. ಎರ್ರಮ್ಮ ಕುತ್ತಿಗೆ ತಿರುಗಿಸಲಾಗದೆ ಕೂಗಾಡುತ್ತಿದ್ದಂತೆಯೇ ಹಂಡೆಯ ಹತ್ತಿರ ಹೋಗಿ, ತಂಬಿಗೆಯ ಗೊಡವೆಗೆ ಹೋಗದೆ, ಎರಡೂ ಕೈಗಳನ್ನು ಮೊಣಕೈ ತನಕ ನೀರಿನೊಳಗೆ ಇಳಿಸಿದಳು. ನೀರು ಚುರುಗುಟ್ಟುವಷ್ಟು ಬಿಸಿಯಿತ್ತು. ತೆಗೆಯಲಿಲ್ಲ. ಇಷ್ಟು ವರ್ಷ ಆ ಬೆನ್ನಿನಿಂದ ಹತ್ತಿದ ಎಣ್ಣೆಯೆಲ್ಲ ಹೋಗುವ ಹಾಗೆ ಒಳಗೇ ಕೈಗಳನ್ನು ತಿಕ್ಕಿ ತಿಕ್ಕಿ ತೊಳೆದಳು. ಆಮೇಲೆ ಹಂಡೆಯ ಅಂಚಿಗೇ ಕೈ ಕೊಡವಿದಳು.

"ಅಯ್ಯಯ್ಯೋ, ಹಂಡೆ! ನೀರು! ಏ ವಾಣಿ, ಬಾರೇ, ನನ್ನ ಎಬ್ಬಿಸೇ!"

ವಾಣಿಶ್ರೀ ಓಡಿ ಬಂದು ಅವ್ವನ ರಟ್ಟೆ ಹಿಡಿದು ಎಳೆದಳು. ಆಗಲಿಲ್ಲ. ಬಸಲಿಂಗಮ್ಮ ಬಾಗಿಲ ಹತ್ತಿರ ಒಂದು ಗಳಿಗೆ ನಿಂತು ಒದ್ದೆ ಕೈ ಸೆರಗಿಗೆ ಒರೆಸಿಕೊಂಡಳು.

"ಖೋ ಅನ್ನಬೇ ಕೂಸಾ" ಎಂದಳು. "ಎದ್ದರ ಏಳ್ತಾಳ."

ಅವಳು ಹೊರಗೆ ಬಂದು ಕೇರಿಯ ದಾರಿ ಹಿಡಿದಾಗಲೂ ಎರ್ರಮ್ಮ ಮಣೆಯ ಮೇಲೆ ಕೂತಲ್ಲೇ ಕೂತಿದ್ದಳು.